ಗುರುವಿನ ಚಂದ್ರರಿಗೆ ನಕ್ಷೆ ಬರೆಯುವವರು

ಹಲಗೂರಿನ ಬಸ್ ನಿಲ್ದಾಣದಲ್ಲಿ ಯಾರೋ ಒಬ್ಬರು ಹಳೆಯ ಒಂದು ರೂಪಾಯಿ ನಾಣ್ಯವನ್ನು ಎರಡು ಬೆರಳ ನಡುವೆ ಎತ್ತಿ ಹಿಡಿದು ನಿಂತಿದ್ದಾರೆ ಎಂದುಕೊಳ್ಳಿ. ನೀವು ಮೂರು ಕಿಲೋಮೀಟರ್ ಆಚೆ ಒಂದು ರಾಗಿ ಹೊಲದ ಬದುವಿನ ಮೇಲಿದ್ದೀರಿ. ಅಲ್ಲಿಂದ ಆ ನಾಣ್ಯವನ್ನು ನೋಡಬೇಕು. ನೋಡಿದರೆ ಸಾಲದು, ಅದರ ಮೇಲೆ ಎಲ್ಲಿ ಕಪ್ಪಾಗಿದೆ, ಎಲ್ಲಿ ಬೆಳ್ಳಗಿದೆ ಎಂದು ಕಾಗದದ ಮೇಲೆ ಬರೆದು ತೋರಿಸಬೇಕು. ಇದೆಂಥ ಹುಚ್ಚು ಎನ್ನುತ್ತೀರಿ, ಅಲ್ಲವೇ?

ಗುರು ಗ್ರಹದ ಅತಿ ದೊಡ್ಡ ಉಪಗ್ರಹ ಗ್ಯಾನಿಮೀಡ್ ನಮ್ಮ ಆಕಾಶದಲ್ಲಿ ಕಾಣುವುದು ಸರಿಸುಮಾರು ಇಷ್ಟೇ ಗಾತ್ರದಲ್ಲಿ. ನಿಜದಲ್ಲಿ ಅದೇನೂ ಸಣ್ಣದಲ್ಲ. ಅದರ ವ್ಯಾಸ 5,268 ಕಿಲೋಮೀಟರ್, ಬುಧ ಗ್ರಹಕ್ಕಿಂತ ದೊಡ್ಡದು. ಆದರೆ ಗುರು ನಮಗೆ ಅತ್ಯಂತ ಹತ್ತಿರ ಬಂದಾಗಲೂ ನಡುವೆ ಸುಮಾರು 60 ಕೋಟಿ ಕಿಲೋಮೀಟರ್ ಅಂತರವಿರುತ್ತದೆ. ಪಂಚಾಂಗದವರ ಭಾಷೆಯಲ್ಲಿ ಹೇಳಿದರೆ ಗ್ಯಾನಿಮೀಡಿನ ಗಾತ್ರ 1.7 ವಿಕಲೆ. ನಮ್ಮ ಹುಣ್ಣಿಮೆಯ ಚಂದ್ರ 1,800 ವಿಕಲೆ. ಅಂದರೆ ಚಂದ್ರಬಿಂಬದ ಅಡ್ಡಗಲಕ್ಕೆ ಸಾವಿರ ಗ್ಯಾನಿಮೀಡ್‌ಗಳನ್ನು ಸಾಲಾಗಿ ಜೋಡಿಸಬಹುದು.

ಈ ನಾಣ್ಯದ ಮೇಲಿನ ಮುದ್ರೆಯನ್ನು ಓದಿ ನಕ್ಷೆ ಬರೆದವರಿದ್ದಾರೆ. ಸಂಬಳಕ್ಕೆ ದುಡಿಯುವ ವಿಜ್ಞಾನಿಗಳಲ್ಲ, ಹಗಲೆಲ್ಲ ಬೇರೆ ಉದ್ಯೋಗ ಮಾಡಿ ರಾತ್ರಿ ಮನೆಯ ಮಹಡಿ ಹತ್ತುವ ಹವ್ಯಾಸಿಗಳು. ಗ್ರೀಸ್ ದೇಶದ ಹವ್ಯಾಸಿ ಮನೋಸ್ ಕರ್ದಾಸಿಸ್ 2011ರಲ್ಲಿ ಫ್ರಾನ್ಸಿನ ನಾಂಟ್ ನಗರದಲ್ಲಿ ಸೇರಿದ್ದ ಗ್ರಹವಿಜ್ಞಾನಿಗಳ ಸಮ್ಮೇಳನದಲ್ಲಿ ಗ್ಯಾನಿಮೀಡಿನ ನಕ್ಷೆಯೊಂದನ್ನು ಮುಂದಿಟ್ಟರು. ಅವರ ಉಪಕರಣ 11 ಅಂಗುಲದ, ಅಂಗಡಿಯಲ್ಲಿ ಸಿಗುವ ದೂರದರ್ಶಕ. ನಮ್ಮ ಮನೆಗಳ ನೀರು ತುಂಬುವ ಕೊಡದ ಅಗಲ. ವಾಯೇಜರ್ ಮತ್ತು ಗೆಲಿಲಿಯೊ ನೌಕೆಗಳು ಹತ್ತಿರ ಹೋಗಿ ತೆಗೆದ ಚಿತ್ರಗಳ ಪಕ್ಕದಲ್ಲಿ ಆ ನಕ್ಷೆಯನ್ನು ಇಟ್ಟು ನೋಡಿದರೆ ದೊಡ್ಡ ಕಪ್ಪು ಪ್ರದೇಶಗಳು ಇರಬೇಕಾದ ಜಾಗದಲ್ಲೇ ಇದ್ದವು.

ಇದಕ್ಕೂ ಹಲಗೂರಿಗೂ ಏನು ಸಂಬಂಧ? ಸಂಬಂಧವಿದೆ, ಅದನ್ನು ಹೇಳಲೆಂದೇ ಈ ಲೇಖನ. ಮೊದಲು ಅವರು ಇದನ್ನು ಮಾಡುವುದು ಹೇಗೆ ಎಂದು ನೋಡೋಣ.

ಮೊರದಲ್ಲಿ ಕೇರಿದ ಹಾಗೆ

ದೂರದ ಸಣ್ಣ ವಸ್ತುವನ್ನು ನೋಡಲು ದೊಡ್ಡ ದೂರದರ್ಶಕ ಬೇಕು ಎಂದು ಎಲ್ಲರೂ ಬಲ್ಲರು. ಆದರೆ ಗ್ರಹ ನೋಡುವವರಿಗೆ ಅದಕ್ಕಿಂತ ದೊಡ್ಡ ತೊಡಕು ನಮ್ಮ ತಲೆಯ ಮೇಲಿನ ಗಾಳಿ. ಬೇಸಗೆಯ ಮಧ್ಯಾಹ್ನ ಕನಕಪುರ ರಸ್ತೆಯ ಡಾಂಬರಿನ ಮೇಲೆ ದೂರದ ಲಾರಿ ನೀರಿನಲ್ಲಿ ಅಲುಗಿದಂತೆ ಕಾಣುವುದಿಲ್ಲವೇ, ಆಕಾಶದ ತುಂಬ ಅದೇ ಆಟ. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಯುತ್ತ ಬೆಳಕನ್ನು ಅತ್ತಿತ್ತ ಬಾಗಿಸುತ್ತವೆ. ನಕ್ಷತ್ರ ಮಿನುಗುವುದು ಇದರಿಂದಲೇ. ಗ್ಯಾನಿಮೀಡಿನಂಥ ಪುಟ್ಟ ಬಿಂಬ ಈ ಅಲುಗಾಟದಲ್ಲಿ ಕಲಸಿದ ಹಿಟ್ಟಾಗಿಬಿಡುತ್ತದೆ.

ಆದರೆ ಗಾಳಿ ಸದಾ ಒಂದೇ ಸಮನೆ ಅಲುಗುವುದಿಲ್ಲ. ಒಂದು ಸೆಕೆಂಡಿನ ನೂರನೆಯ ಭಾಗದಷ್ಟು ಹೊತ್ತು ಅಕಸ್ಮಾತ್ತಾಗಿ ಸುಮ್ಮನಾಗುತ್ತದೆ. ಆ ಗಳಿಗೆಯಲ್ಲಿ ಬಿಂಬ ಕೆತ್ತಿದಂತೆ ಸ್ಪಷ್ಟ. ಹಿಂದಿನ ಕಾಲದ ವೀಕ್ಷಕರು ಐಪೀಸಿಗೆ ಕಣ್ಣಿಟ್ಟು ಗಂಟೆಗಟ್ಟಲೆ ಕಾದು, ಅಂಥ ಗಳಿಗೆಯಲ್ಲಿ ಕಂಡದ್ದನ್ನು ನೆನಪಿಟ್ಟುಕೊಂಡು ಪೆನ್ಸಿಲಿನಲ್ಲಿ ಬಿಡಿಸುತ್ತಿದ್ದರು. ಫ್ರಾನ್ಸಿನ ಪಿಕ್ ದು ಮಿದಿ ಪರ್ವತದ ಮೇಲೆ ಬರ್ನಾರ್ ಲಿಯೊ ಮತ್ತು ಸಂಗಡಿಗರು 1940ರ ದಶಕದಲ್ಲಿ ಗುರುವಿನ ಉಪಗ್ರಹಗಳ ನಕ್ಷೆಗಳನ್ನು ಮಾಡಿದ್ದು ಹೀಗೆಯೇ. ಅಮೆರಿಕದ ಬಾರ್ನಾರ್ಡ್ ಎಂಬಾತ 1890ರಲ್ಲಿ ಗುರುವಿನ ಮುಂದೆ ಹಾದುಹೋಗುತ್ತಿದ್ದ ಅಯೊ ಉಪಗ್ರಹ ಎರಡಾಗಿ ಕಾಣುವುದನ್ನು ಕಂಡು ಬೆರಗಾದ. ಮತ್ತೆ ಮತ್ತೆ ನೋಡಿದ ಮೇಲೆ ಗುಟ್ಟು ತಿಳಿಯಿತು. ಅಯೊದ ಎರಡು ಧ್ರುವಗಳೂ ಮಬ್ಬು, ನಡುವಿನ ಪಟ್ಟಿ ಬೆಳ್ಳಗೆ. ಗುರುವಿನ ಬೆಳ್ಳನೆ ಹಿನ್ನೆಲೆಯಲ್ಲಿ ನಡುಪಟ್ಟಿ ಕರಗಿಹೋಗಿ ಮಬ್ಬಾದ ಎರಡು ತುದಿಗಳಷ್ಟೇ ಉಳಿಯುತ್ತಿದ್ದವು. ಆ ಬಾರ್ನಾರ್ಡ್ ಕೂಡ ಹವ್ಯಾಸಿಯಾಗಿ ಹೊರಟವನೇ. ಫೋಟೊ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದ ಬಡ ಹುಡುಗ. ಮುಂದೆ 1892ರಲ್ಲಿ ಗುರುವಿನ ಐದನೆಯ ಉಪಗ್ರಹವನ್ನು ಕಂಡುಹಿಡಿದ. ಬರಿಯ ಕಣ್ಣನ್ನು ದೂರದರ್ಶಕಕ್ಕೆ ಇಟ್ಟು ಕಂಡುಹಿಡಿದ ಉಪಗ್ರಹಗಳಲ್ಲಿ ಅದೇ ಕೊನೆಯದು.

ಈಗ ಕಾಯುವ ಕೆಲಸ ಕ್ಯಾಮೆರಾದ್ದು. ದೂರದರ್ಶಕದ ಹಿಂಬದಿಗೆ ಪುಟ್ಟ ವಿಡಿಯೊ ಕ್ಯಾಮೆರಾ ಸಿಕ್ಕಿಸಿ ಸೆಕೆಂಡಿಗೆ ನೂರರಂತೆ ಒಂದೆರಡು ನಿಮಿಷದಲ್ಲಿ ಹತ್ತು ಸಾವಿರದಷ್ಟು ಚಿತ್ರ ತೆಗೆಯುತ್ತಾರೆ. ಬಹುಪಾಲು ಕಸ. ಆಮೇಲೆ ಕಂಪ್ಯೂಟರಿನ ತಂತ್ರಾಂಶ ಒಂದೊಂದನ್ನೂ ಪರೀಕ್ಷಿಸಿ, ಗಾಳಿ ಸುಮ್ಮನಿದ್ದ ಗಳಿಗೆಯ ನೂರಕ್ಕೆ ಹತ್ತಿಪ್ಪತ್ತು ಚಿತ್ರಗಳನ್ನು ಆಯ್ದು ಒಂದರ ಮೇಲೊಂದು ಕೂರಿಸುತ್ತದೆ. ನಮ್ಮ ಹೆಂಗಸರು ರಾಗಿಯನ್ನು ಮೊರದಲ್ಲಿ ಕೇರಿ ಹೊಟ್ಟು ಹಾರಿಸಿ ಕಾಳು ಉಳಿಸಿಕೊಳ್ಳುತ್ತಾರಲ್ಲ, ಅದೇ ಕ್ರಮ. ಹೀಗೆ ಅದೃಷ್ಟದ ಗಳಿಗೆಗಳನ್ನು ಆರಿಸುವ ವಿಚಾರವನ್ನು ಡೇವಿಡ್ ಫ್ರೀಡ್ 1978ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅದು ಮನೆಮನೆಗೆ ಬಂದದ್ದು 2000ದ ನಂತರ, ಕಂಪ್ಯೂಟರಿನ ಮೇಲೆ ಕೂರಿಸಿ ಮುಖ ನೋಡಿ ಮಾತನಾಡಲು ಮಾಡಿದ್ದ ಅಗ್ಗದ ವೆಬ್‌ಕ್ಯಾಮುಗಳನ್ನು ಹವ್ಯಾಸಿಗಳು ಬಿಚ್ಚಿ ದೂರದರ್ಶಕಕ್ಕೆ ಕಟ್ಟಿದಾಗ. ಚಿತ್ರ ಆಯುವ ರಿಜಿಸ್ಟ್ಯಾಕ್ಸ್, ಆಟೊಸ್ಟ್ಯಾಕರ್ಟ್ ತಂತ್ರಾಂಶಗಳನ್ನು ಬರೆದವರೂ ಹಾಲೆಂಡಿನ ಹವ್ಯಾಸಿಗಳೇ. ನಕ್ಷೆಗೆ ಬೇಕಾದ ವಿನ್‌ಜುಪೋಸ್ ಜರ್ಮನಿಯ ಗ್ರಿಷಾ ಹಾನ್ ಅವರದು. ಎಲ್ಲವೂ ಉಚಿತ. ಈ ಒಂದು ಮಾತನ್ನು ನಮ್ಮ ಮೇಷ್ಟರುಗಳು ಅಡಿಗೆರೆ ಹಾಕಿ ಓದಿಕೊಳ್ಳಬೇಕು.

ಚಿತ್ರ ಸಿಕ್ಕಿತು. ನಕ್ಷೆ ಹೇಗೆ? ಇಲ್ಲಿ ಗುರುವೇ ನಮಗೆ ಉಪಕಾರ ಮಾಡಿದ್ದಾನೆ. ನಮ್ಮ ಚಂದ್ರ ಭೂಮಿಗೆ ಸದಾ ಒಂದೇ ಮುಖ ತೋರಿಸುವಂತೆ ಗುರುವಿನ ನಾಲ್ಕು ದೊಡ್ಡ ಚಂದ್ರರೂ ಗುರುವಿಗೆ ಒಂದೇ ಮುಖ ತೋರಿಸುತ್ತ ಸುತ್ತುತ್ತವೆ. ಗ್ಯಾನಿಮೀಡಿಗೆ ಒಂದು ಸುತ್ತಿಗೆ 7 ದಿನ, ಮೇಲೆ ಸುಮಾರು ಮೂರೂಮುಕ್ಕಾಲು ಗಂಟೆ. ತನ್ನ ಅಕ್ಷದ ಮೇಲೆ ತಿರುಗಲೂ ಅಷ್ಟೇ ಹೊತ್ತು. ಆದ್ದರಿಂದ ಅದು ಗುರುವಿನ ಯಾವ ಮಗ್ಗುಲಲ್ಲಿದೆ ಎಂದು ಗೊತ್ತಾದರೆ ನಮಗೆ ಕಾಣುತ್ತಿರುವುದು ಅದರ ಯಾವ ಮುಖ ಎಂದೂ ಗೊತ್ತಾಯಿತು. ಗುರುವಿನ ಮುಂದೆ ಹಾಯುವಾಗ ಬೆನ್ನು ಕಾಣುತ್ತದೆ, ಹಿಂದೆ ಸರಿಯುವಾಗ ಎದುರು ಮುಖ. ದಿನಕ್ಕೆ 50 ಡಿಗ್ರಿಯಂತೆ ಅದು ನಮ್ಮೆದುರು ಹೊರಳುತ್ತ ಹೋಗುತ್ತದೆ. ಏಳು ರಾತ್ರಿ ಬಿಡದೆ ಚಿತ್ರ ತೆಗೆದರೆ ಗೋಳದ ಸುತ್ತೂ ಬಂದ ಹಾಗೆ. ಮೋಡ ಬಿಡಬೇಕಲ್ಲ! ಅದಕ್ಕೇ ಒಂದು ನಕ್ಷೆಗೆ ತಿಂಗಳುಗಳು ಹಿಡಿಯುತ್ತವೆ. ಧ್ರುವಗಳು ಮಾತ್ರ ಯಾವಾಗಲೂ ಬಿಂಬದ ಅಂಚಿನಲ್ಲೇ ಉಳಿಯುವುದರಿಂದ ಅಲ್ಲಿ ನಕ್ಷೆ ಎಳೆದ ರಬ್ಬರಿನಂತೆ ಹಿಗ್ಗಿರುತ್ತದೆ.

11 ಅಂಗುಲದ ದೂರದರ್ಶಕ ಸುಮಾರು 0.4 ವಿಕಲೆಯಷ್ಟು ಸೂಕ್ಷ್ಮವನ್ನು ಬಿಡಿಸಿ ತೋರಿಸಬಲ್ಲದು. ಗ್ಯಾನಿಮೀಡಿನ ಅಡ್ಡಗಲಕ್ಕೆ ನಾಲ್ಕೇ ನಾಲ್ಕು ಚೌಕ ಎಂದಾಯಿತು. ಅಷ್ಟರಲ್ಲೇ, 3,000 ಕಿಲೋಮೀಟರಿಗೂ ಅಗಲವಾದ ಗೆಲಿಲಿಯೊ ರೀಜಿಯೊ ಎಂಬ ಕಪ್ಪು ಬಯಲು ಎದ್ದು ಕಾಣುತ್ತದೆ. ಶನಿಯ ಟೈಟನ್ ಇನ್ನೂ ದೂರ, ಜೊತೆಗೆ ಮೈತುಂಬ ಕಿತ್ತಳೆ ಮಂಜು. ಅದರಿಂದ ಹವ್ಯಾಸಿಗೆ ದಕ್ಕುವುದು ಒಂದು ಪುಟ್ಟ ಕಿತ್ತಳೆ ಬಟ್ಟು ಮಾತ್ರ.

ಹನ್ನೆರಡೂವರೆ ಡಿಗ್ರಿಯ ಭಾಗ್ಯ

ಗ್ರಹಗಳ ಚಿತ್ರ ತೆಗೆಯುವವರಲ್ಲಿ ಇಂಗ್ಲೆಂಡಿನ ಡೇಮಿಯನ್ ಪೀಚ್ ಅವರ ಹೆಸರು ದೊಡ್ಡದು. ಅವರು ತಮ್ಮ ಉಪಕರಣಗಳನ್ನು ಹೊತ್ತು ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪಕ್ಕೆ ಹೋಗಿ ಚಿತ್ರ ತೆಗೆದುಬಂದವರು. ಗುರುವಿನ ಮೇಲೆ ಹೊಸದೊಂದು ಕೆಂಪು ಮಚ್ಚೆ ಮೂಡಿದ್ದನ್ನು 2006ರಲ್ಲಿ ಜಗತ್ತಿಗೆ ಮೊದಲು ತೋರಿಸಿದ ಕ್ರಿಸ್ಟೊಫರ್ ಗೊ ಫಿಲಿಪ್ಪೀನ್ಸಿನ ಸೆಬು ನಗರದವರು. ಅವರ ಗುರುವಿನ ಚಿತ್ರಗಳಲ್ಲಿ ಪಕ್ಕದ ಚಂದ್ರರ ಮೇಲಿನ ಕಲೆಗಳೂ ಕಾಣುವುದುಂಟು. ಭೂಪಟ ತೆಗೆದು ನೋಡಿ. ಬಾರ್ಬಡೋಸ್ 13 ಡಿಗ್ರಿ ಉತ್ತರ ಅಕ್ಷಾಂಶ, ಸೆಬು 10. ಈಗ ಬೆರಳನ್ನು ಹಾಗೆಯೇ ಭಾರತಕ್ಕೆ ಎಳೆದು ತನ್ನಿ. ಹಲಗೂರು, ಮಳವಳ್ಳಿ, ಶಿವನಸಮುದ್ರ ಎಲ್ಲವೂ ಹನ್ನೆರಡೂವರೆಯ ಆಸುಪಾಸು.

ಇದರ ಲಾಭ ಏನೆಂದರೆ, ಗ್ರಹಗಳು ನಮಗೆ ಬಹುಮಟ್ಟಿಗೆ ನೆತ್ತಿಯ ಸಮೀಪ ಹಾಯುತ್ತವೆ. ಗುರು 2019 ಮತ್ತು 2020ರಲ್ಲಿ ಆಕಾಶದ ದಕ್ಷಿಣಕ್ಕೆ ಇಳಿದಿದ್ದಾಗ ಲಂಡನ್ನಿನವರಿಗೆ ದಿಗಂತದಿಂದ ಬರಿಯ 16 ಡಿಗ್ರಿ ಮೇಲೆ, ಮನೆ ಸೂರುಗಳ ಸಂದಿಯಲ್ಲಿ ಸಿಗುತ್ತಿತ್ತು. ಅದೇ ಗುರು ನಮಗೆ 55 ಡಿಗ್ರಿ ಎತ್ತರದಲ್ಲಿ. 2025ರ ಕೊನೆ, 2026ರ ಆರಂಭದ ರಾತ್ರಿಗಳಲ್ಲಿ ಮಿಥುನ ರಾಶಿಯಲ್ಲಿದ್ದ ಗುರು ನಮ್ಮ ನೆತ್ತಿಯಿಂದ ಹತ್ತು ಡಿಗ್ರಿಯಷ್ಟೇ ಓರೆ. ನೆತ್ತಿಯ ಮೇಲೆ ಗಾಳಿಯ ಪದರ ಅತಿ ತೆಳು, ದಿಗಂತದ ಕಡೆ ಅತಿ ದಪ್ಪ. ಬೇರೆಯವರು ವಿಮಾನ ಹತ್ತಿ ಹುಡುಕಿಕೊಂಡು ಹೋಗುವ ಆಕಾಶ ನಮ್ಮ ಹಿತ್ತಲಲ್ಲಿ ಪುಕ್ಕಟೆ ಸಿಕ್ಕಿದೆ.

ಈ ಭಾಗ್ಯವನ್ನು ಗುರುತಿಸಿದವರು ನಮ್ಮಲ್ಲಿ ಇಲ್ಲದಿಲ್ಲ. ಇದೇ ಹನ್ನೆರಡೂವರೆ ಡಿಗ್ರಿ ಗೆರೆಯ ಮೇಲೆ, ಗಡಿಯಾಚೆ ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿ ಕಾವಲೂರು ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಅಲ್ಲಿದೆ. ವೇಣು ಬಾಪು ಅವರು ಜಾಗ ಆರಿಸುವಾಗ, ದಕ್ಷಿಣಾರ್ಧದ ಆಕಾಶವೂ ಚೆನ್ನಾಗಿ ಸಿಗಲೆಂದು ಇಷ್ಟು ದಕ್ಷಿಣಕ್ಕೆ ಬಂದರು. 1972ರಲ್ಲಿ ಅಲ್ಲಿಗೆ ಜರ್ಮನಿಯ ಜೈಸ್ ಕಂಪೆನಿಯ 102 ಸೆಂಟಿಮೀಟರ್ ದೂರದರ್ಶಕ ಬಂತು. ಅದೇ ವರ್ಷದ ಜೂನ್ 7ರಂದು ಗ್ಯಾನಿಮೀಡ್ ಒಂದು ನಕ್ಷತ್ರದ ಮುಂದೆ ಹಾಯುವುದಿತ್ತು. ಭೂಮಿಯ ಮೇಲೆ ಅದು ಕಾಣುವ ಪಟ್ಟಿ ಭಾರತ ಮತ್ತು ಇಂಡೊನೇಷ್ಯಾದ ಕಡೆ. ಕಾವಲೂರಿನಲ್ಲೂ ಜಾವಾದ ಲೆಂಬಾಂಗಿನಲ್ಲೂ ಕಾದು ಕುಳಿತರು. ಗಾಳಿಯಿಲ್ಲದ ಬರಿಯ ಕಲ್ಲುಂಡೆಯಾದರೆ ನಕ್ಷತ್ರ ದೀಪ ಆರಿಸಿದಂತೆ ಫಕ್ಕನೆ ಮಾಯವಾಗಬೇಕು. ಆದರೆ ಬೆಳಕು ಒಮ್ಮೆಗೇ ಆರದೆ ಇಳಿಯಿತು. ಗ್ಯಾನಿಮೀಡಿಗೆ ತೆಳುವಾದ ವಾತಾವರಣವಿದೆ ಎಂದು ಕಾವಲೂರಿನ ಜೆ. ಸಿ. ಭಟ್ಟಾಚಾರ್ಯರೂ ಸೇರಿದಂತೆ ಆ ತಂಡ 1973ರಲ್ಲಿ ಪ್ರಕಟಿಸಿತು. ಎರಡು ಊರುಗಳ ಸಮಯಗಳನ್ನು ಹೊಂದಿಸಿ ಗ್ಯಾನಿಮೀಡಿನ ವ್ಯಾಸವನ್ನೂ ಲೆಕ್ಕ ಹಾಕಿತು. 1979ರಲ್ಲಿ ವಾಯೇಜರ್ ನೌಕೆ ಹತ್ತಿರದಿಂದ ನೋಡಿ, ಗಾಳಿ ಇದ್ದರೂ ಅವರು ಹೇಳಿದ್ದಕ್ಕಿಂತ ಬಹಳ ಬಹಳ ಕಡಿಮೆ ಎಂದಿತು. 1990ರ ದಶಕದಲ್ಲಿ ಹಬಲ್ ದೂರದರ್ಶಕಕ್ಕೆ ಆಮ್ಲಜನಕದ ಅತಿ ತೆಳುವಾದ ಹೊದಿಕೆ ಕಂಡಿತು. ವಿಜ್ಞಾನದಲ್ಲಿ ಇಂಥ ಹಾವು ಏಣಿ ಆಟ ಮಾಮೂಲು.

ಅದೇ ದೂರದರ್ಶಕದಲ್ಲಿ 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಸಮೀಪ ಹಾಯುವುದನ್ನು ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ದಾಖಲು ಮಾಡಿದರು. ಗ್ರಹ ಮುಟ್ಟುವ ಮೊದಲೇ ನಕ್ಷತ್ರ ಕ್ಷಣಕಾಲ ಮಂಕಾಯಿತು. ಯುರೇನಸ್ಸಿನ ಹೊಸ ಉಪಗ್ರಹವಿರಬಹುದೆಂದು ಅವರು ಬರೆದರು. ಅಂದು ಬೇರೆಡೆ ನೋಡಿದವರ ದಾಖಲೆಗಳೂ ಕೂಡಿದಾಗ ಅದು ಯುರೇನಸ್ಸಿನ ಬಳೆಗಳು ಎಂದು ತಿಳಿಯಿತು.

ಇವರೆಲ್ಲ ಹವ್ಯಾಸಿಗಳಲ್ಲ, ವೃತ್ತಿನಿರತ ವಿಜ್ಞಾನಿಗಳು. ಆದರೂ ಈ ಕಥೆಯನ್ನು ಉದ್ದ ಮಾಡಿ ಹೇಳಿದ್ದಕ್ಕೆ ಕಾರಣವಿದೆ. ಇಲ್ಲಿ ದುಡಿದದ್ದು ದೂರದರ್ಶಕದ ದೈತ್ಯ ಗಾತ್ರವಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಸಮಯಕ್ಕೆ, ಗಡಿಯಾರ ಹಿಡಿದು ಕಾದದ್ದು. ಅದು ಹವ್ಯಾಸಿಗೂ ಸಾಧ್ಯ.

ನಮ್ಮ ನಕ್ಷೆಗೆ ಅವರ ಗಡಿಯಾರ

ಗುರುವಿನ ಚಂದ್ರರ ನಕ್ಷೆಯನ್ನು ನಾವು ಬರೆಯುವ ಮಾತಾಯಿತು. ಅದಕ್ಕೂ ಮೊದಲು ಅವು ನಮ್ಮ ನಾಡಿನ ನಕ್ಷೆ ಬರೆಸಿವೆ ಎಂಬುದು ಬಹಳ ಮಂದಿಗೆ ತಿಳಿಯದು. ಒಂದು ಊರಿನ ರೇಖಾಂಶ ತಿಳಿಯಬೇಕಾದರೆ ಆ ಊರಿನ ಹೊತ್ತಿಗೂ ಗ್ರೀನ್‌ವಿಚ್ಚಿನ ಹೊತ್ತಿಗೂ ಇರುವ ವ್ಯತ್ಯಾಸ ತಿಳಿಯಬೇಕು. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ತಂತಿಯಿಲ್ಲದ, ರೇಡಿಯೊ ಇಲ್ಲದ ಕಾಲದಲ್ಲಿ ಅಲ್ಲಿನ ಹೊತ್ತು ಇಲ್ಲಿಗೆ ತಿಳಿಯುವುದು ಹೇಗೆ? ಅಯೊ ಗುರುವಿನ ನೆರಳಿಗೆ ಹೊಕ್ಕು ಮಾಯವಾಗುವ ಗಳಿಗೆ ಲೋಕಕ್ಕೆಲ್ಲ ಒಂದೇ. ಅದೇ ಆಕಾಶದ ಗಡಿಯಾರ. ಮದರಾಸಿನ ವೀಕ್ಷಣಾಲಯದಲ್ಲಿ ಜಾನ್ ಗೋಲ್ಡಿಂಗ್‌ಹ್ಯಾಮ್ ವರ್ಷಗಟ್ಟಲೆ ಈ ಗ್ರಹಣಗಳನ್ನು ನೋಡಿ ಮದರಾಸಿನ ರೇಖಾಂಶವನ್ನು ಗೊತ್ತುಮಾಡಿದರು. 1802ರಲ್ಲಿ ಸೇಂಟ್ ಥಾಮಸ್ ಮೌಂಟ್ ಬಳಿ ಅಡಿಗೆರೆ ಅಳೆದ ಲ್ಯಾಂಬ್ಟನ್ ತ್ರಿಕೋನಗಳ ಮೇಲೆ ತ್ರಿಕೋನ ಕಟ್ಟುತ್ತ ಮೈಸೂರು ಸೀಮೆ ದಾಟಿ ಮಂಗಳೂರಿನವರೆಗೆ ಬಂದಾಗ ರೇಖಾಂಶಗಳನ್ನು ಎಣಿಸಿದ್ದು ಆ ಮದರಾಸಿನಿಂದಲೇ. ಅಂದಮೇಲೆ ನಮ್ಮ ಸೀಮೆ ಭೂಪಟದಲ್ಲಿ ಕೂತ ಜಾಗಕ್ಕೆ ಅಯೊ ಕೂಡ ಒಬ್ಬ ಸಾಕ್ಷಿ.

ಪೆಟ್ಟಿಗೆಯೊಳಗಿನ ದೂರದರ್ಶಕ

ಇಷ್ಟೆಲ್ಲ ಇದ್ದೂ ನಮ್ಮ ಹುಡುಗರು ಗುರುವಿನ ಚಂದ್ರರನ್ನು ನೋಡಿರುವುದು ಪುಸ್ತಕದ ಚಿತ್ರದಲ್ಲಿ ಮಾತ್ರ. ನಾನು ಹಿಂದೆ ಕೆಲಸ ಮಾಡಿದ ಶಾಲೆಯೊಂದರಲ್ಲಿ ಒಳ್ಳೆಯ ನಾಲ್ಕೂವರೆ ಅಂಗುಲದ ದೂರದರ್ಶಕ ಬೀರುವಿನಲ್ಲಿತ್ತು. ದಾಸ್ತಾನು ಪುಸ್ತಕದಲ್ಲಿ ಅದಕ್ಕೊಂದು ನಂಬರು, ವರ್ಷಕ್ಕೊಮ್ಮೆ ತಪಾಸಣೆಯ ಟಿಕ್ಕು. ಹೊರಗೆ ತೆಗೆದರೆ ದರ್ಪಣ ಒಡೆದೀತು, ಒಡೆದರೆ ಯಾರ ಸಂಬಳದಲ್ಲಿ ಹಿಡಿಯುವುದು ಎಂಬ ಭಯ. ಬೀಗದ ಕೈ ಇದ್ದವರು ಐದು ಗಂಟೆಗೆ ಮನೆಗೆ. ನಕ್ಷತ್ರ ಬರುವುದು ಏಳಕ್ಕೆ. ಉಪಕರಣವಿಲ್ಲ ಎಂಬ ಕೊರಗಿಗಿಂತ ರಾತ್ರಿ ಹೊತ್ತು ಶಾಲೆ ಎಂಬುದೇ ಇಲ್ಲ ಎಂಬ ಕೊರತೆ ದೊಡ್ಡದು ಎಂದು ನನ್ನ ಅನುಭವ.

ಆಮೇಲೆ ಅಂಥದ್ದೇ ಒಂದನ್ನು ಸ್ವಂತಕ್ಕೆ ಕೊಂಡೆ. ಬೆಲೆ ಒಂದು ಸಾಧಾರಣ ಮೊಬೈಲಿನಷ್ಟು. ಚಳಿಗಾಲದ ಸಂಜೆಗಳಲ್ಲಿ ಹಲಗೂರಿನ ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆ ಅಂಗಳ ಕರೆದರೂ ಅಲ್ಲಿ ನಿಲ್ಲಿಸುತ್ತೇನೆ. ಹೆಣ್ಣುಮಕ್ಕಳನ್ನು ರಾತ್ರಿ ಕಳಿಸುವುದಿಲ್ಲ ಎಂದ ತಾಯಂದಿರಿಗೆ "ನೀವೂ ಬನ್ನಿ ತಾಯಿ, ನೀವೇ ಮೊದಲು ನೋಡಿ" ಎಂದೆ. ಬಂದರು. ಈಗ ಅವರ ಸಾಲೇ ಉದ್ದ.

ನಮ್ಮ ಕಡೆ ಕಾಡಂಚಿನ ಹೊಲಗಳಿಗೆ ಆನೆ ಕಾಟ. ಮುತ್ತತ್ತಿ, ಬಸವನಬೆಟ್ಟದ ಕಡೆಯಿಂದ ಇಳಿದು ಬರುತ್ತವೆ. ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಕಾಯುವವರಿಗೆ ಯಾವ ಚುಕ್ಕಿ ಯಾವ ಹೊತ್ತಿಗೆ ಎಲ್ಲಿರುತ್ತದೆಂದು ನನಗಿಂತ ಚೆನ್ನಾಗಿ ಗೊತ್ತು. ಅಂಥ ಒಬ್ಬ ಹಿರಿಯರು ಮೊಮ್ಮಗಳ ಜೊತೆ ಬಂದು ಬಹಳ ಹೊತ್ತು ಕಣ್ಣಿಟ್ಟು ನೋಡಿ, "ಅಲ್ಲ ಮೇಷ್ಟ್ರೇ, ನಿನ್ನೆ ಮೂರು ಒಂದ್ಕಡೆ ಇದ್ವು, ಇವತ್ತು ಎಲ್ಡು ಇತ್ಲಾಗೆ ಬಂದವಲ್ಲ, ಇವೂ ಹೊಲ ಕಾಯ್ತಾವಾ?" ಎಂದರು. 1610ರ ಜನವರಿಯಲ್ಲಿ ಪಡುವಾ ನಗರದಲ್ಲಿ ಗೆಲಿಲಿಯೊ ಕೇಳಿಕೊಂಡ ಪ್ರಶ್ನೆಯ ಅರ್ಧ ಅದರಲ್ಲಿತ್ತು.

ನಾಲ್ಕೂವರೆ ಅಂಗುಲದಲ್ಲಿ ಗ್ಯಾನಿಮೀಡಿನ ಮೇಲಿನ ಕಲೆ ಕಾಣುವುದಿಲ್ಲ. ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ನಾಲ್ಕು ಚಂದ್ರರ ಜಾಗಗಳ ನಕ್ಷೆ ಮಾಡಬಹುದು. ನಾವು ಮಾಡುವುದು ಇಷ್ಟೇ. ಮೊಬೈಲನ್ನು ಐಪೀಸಿಗೆ ಹಿಡಿದು ಒಂದು ಚಿತ್ರ, ಅದರ ಕೆಳಗೆ ದಿನಾಂಕ, ಗಂಟೆ, ನಿಮಿಷ. ಗುರುವಿನ ಅಗಲವನ್ನೇ ಅಳತೆಗೋಲು ಮಾಡಿಕೊಂಡು, ಪ್ರತಿ ಚಂದ್ರ ಎಷ್ಟು ಗುರುವಿನಷ್ಟು ದೂರ, ಪೂರ್ವಕ್ಕೋ ಪಶ್ಚಿಮಕ್ಕೋ ಎಂದು ಗ್ರಾಫ್ ಹಾಳೆಯಲ್ಲಿ ಚುಕ್ಕಿ. ಮೊದಲ ವಾರ ಬರಿಯ ಚೆಲ್ಲಿದ ಸಾಸಿವೆ. ಮೂರನೆಯ ವಾರಕ್ಕೆ ಚುಕ್ಕಿಗಳು ಅಲೆಗಳಾಗಿ ಜೋಡಿಸಿಕೊಳ್ಳುತ್ತವೆ. ಗ್ಯಾನಿಮೀಡಿಗೆ ಏಳು ದಿನಕ್ಕೊಂದು ಅಲೆ, ಯೂರೋಪಾಕ್ಕೆ ಮೂರೂವರೆ, ಅಯೊಗೆ ಎರಡಕ್ಕಿಂತ ತುಸು ಕಡಿಮೆ. ಒಂದು, ಎರಡು, ನಾಲ್ಕು ಎಂಬ ಪಟ್ಟು. ಇದನ್ನು ನಾನು ಹೇಳಿಕೊಡಲಿಲ್ಲ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಾಳೆ ನೋಡಿ ತಾನೇ ಹೇಳಿದಳು. ಬೇರೆ ಪಾಠಗಳಲ್ಲಿ ಆ ಹುಡುಗಿಗೆ ಬರುವ ಅಂಕ ಹೇಳಿಕೊಳ್ಳುವಂಥದ್ದಲ್ಲ.

ನೋಡಲು ಕಲಿಸುವವರ ಪರಂಪರೆಯೂ ನಮಗಿದೆ. ಮೈಸೂರಿನ ಜಿ. ಟಿ. ನಾರಾಯಣರಾಯರು ನಕ್ಷತ್ರ ನೋಡುವುದನ್ನು ಕನ್ನಡದಲ್ಲಿ ಬರೆದು, ಊರೂರಿನ ಮೈದಾನದಲ್ಲಿ ನಿಂತು ತೋರಿಸಿ ಒಂದು ತಲೆಮಾರಿಗೆ ಹುಚ್ಚು ಹಿಡಿಸಿದರು. ಬೆಂಗಳೂರಿನ ಹವ್ಯಾಸಿ ಸಂಘದವರು ತಾವೇ ಗಾಜು ಉಜ್ಜಿ ದರ್ಪಣ ಮಾಡುವುದನ್ನು ಕಲಿಸುತ್ತ ಬಂದವರು. ಆದರೆ ಬೆಂಗಳೂರಿನ ದೀಪದ ಬೆಳಕು ಈಗ ಕನಕಪುರ ದಾಟಿ ನಮ್ಮ ಈಶಾನ್ಯದ ಆಕಾಶವನ್ನು ಬೆಳ್ಳಗೆ ಮಾಡಿದೆ. ನೀಹಾರಿಕೆ ನೋಡುವವರಿಗೆ ಅದರಿಂದ ನಷ್ಟ. ಗ್ರಹ ನೋಡುವವರಿಗೆ ಅಷ್ಟೇನೂ ಅಡ್ಡಿಯಿಲ್ಲ, ಗುರು ಬೀದಿದೀಪಕ್ಕೆ ಹೆದರುವ ಪೈಕಿ ಅಲ್ಲ.

ಮನೆಯೊಳಗೆ ಕೂತೂ ನಕ್ಷೆ ಮಾಡುವವರಿದ್ದಾರೆ. ಗುರುವನ್ನು 2016ರಲ್ಲಿ ತಲುಪಿದ ಜೂನೊ ನೌಕೆಯ ಕ್ಯಾಮೆರಾದ ಹಸಿ ಚಿತ್ರಗಳನ್ನು ನಾಸಾ ಎಲ್ಲರಿಗೂ ಬಿಟ್ಟುಕೊಡುತ್ತದೆ. ಅವನ್ನು ಬಿಡಿಸಿ, ಬಣ್ಣ ಹೊಂದಿಸಿ, ಗೋಳದ ಮೇಲೆ ಕೂರಿಸುವವರಲ್ಲಿ ಹವ್ಯಾಸಿಗಳೇ ಹೆಚ್ಚು. ಜೂನೊ ಗ್ಯಾನಿಮೀಡಿನ ಸಮೀಪ, ಸಾವಿರ ಕಿಲೋಮೀಟರ್ ಅಂತರದಲ್ಲಿ ಹಾದದ್ದು 2021ರ ಜೂನ್ 7ರಂದು. ಕಾವಲೂರಿನವರು ಕಾದು ಕುಳಿತ ದಿನಕ್ಕೆ ಸರಿಯಾಗಿ 49 ವರ್ಷ! ಅದೇ 2021ರಲ್ಲಿ ಕೈ ಲೀ ಎಂಬ ಅಮೆರಿಕದ ಹವ್ಯಾಸಿ, ಹವಾಯಿಯ ದೂರದರ್ಶಕವೊಂದು 2003ರಲ್ಲಿ ತೆಗೆದು ಎಲ್ಲರಿಗೂ ತೆರೆದಿಟ್ಟಿದ್ದ ಹಳೆಯ ಚಿತ್ರಗಳನ್ನು ಜಾಲಾಡಿ ಗುರುವಿನ ಇನ್ನೊಂದು ಪುಟ್ಟ ಚಂದ್ರನನ್ನು ಕಂಡುಹಿಡಿದರು. ಹದಿನೆಂಟು ವರ್ಷ ಅದು ಆ ಚಿತ್ರಗಳೊಳಗೇ ಇತ್ತು.

ನೌಕೆಗಳೇ ಹೋಗಿ ಬರುತ್ತಿರುವಾಗ ಈ ಹವ್ಯಾಸಿ ನಕ್ಷೆಯಿಂದ ಯಾರಿಗೇನು ಲಾಭ ಎಂದು ಕೇಳುವವರಿದ್ದಾರೆ. ಗ್ಯಾನಿಮೀಡಿನ ವಿಷಯದಲ್ಲಿ ಪ್ರಾಮಾಣಿಕವಾಗಿ ಹೇಳುವುದಾದರೆ, ವಿಜ್ಞಾನಿಗೆ ಹೊಸದೇನೂ ಸಿಗುವುದಿಲ್ಲ. ಅದರ ನೆಲ ನಾಳೆಗೂ ಹಾಗೆಯೇ ಇರುತ್ತದೆ. 2023ರ ಏಪ್ರಿಲ್‌ನಲ್ಲಿ ಯೂರೋಪಿನವರು ಹಾರಿಸಿದ ಜ್ಯೂಸ್ ನೌಕೆ 2031ರಲ್ಲಿ ಗುರುವನ್ನು ತಲುಪಿ, 2034ರ ಕೊನೆಗೆ ಗ್ಯಾನಿಮೀಡನ್ನೇ ಸುತ್ತುವ ಯೋಜನೆಯಿದೆ. ಅದರ ಮುಂದೆ ನಮ್ಮ ನಾಲ್ಕು ಚೌಕದ ನಕ್ಷೆ ಎಲ್ಲಿಯದು? ಆದರೆ ಸದಾ ಬದಲಾಗುವುದನ್ನು ಕಾಯಲು ಹವ್ಯಾಸಿಯೇ ಬೇಕು. 2009ರ ಜುಲೈ 19ರಂದು ಗುರುವಿಗೆ ಏನೋ ಬಡಿದು ಕಪ್ಪು ಗಾಯವಾದದ್ದನ್ನು ಮೊದಲು ಕಂಡವರು ಆಸ್ಟ್ರೇಲಿಯದ ಹವ್ಯಾಸಿ ಆಂತೊನಿ ವೆಸ್ಲಿ. ಮರುವರ್ಷದ ಜೂನ್ 3ರಂದು ಇನ್ನೊಂದು ಬಡಿತದ ಮಿಂಚನ್ನು ಅವರೂ ಸೆಬುವಿನ ಗೊ ಅವರೂ ಒಂದೇ ಹೊತ್ತಿಗೆ ದಾಖಲಿಸಿದರು. ಒಬ್ಬರೇ ಕಂಡಿದ್ದರೆ ಕ್ಯಾಮೆರಾ ದೋಷ ಎನ್ನುತ್ತಿದ್ದರು.

ಸಣ್ಣ ದೂರದರ್ಶಕಕ್ಕೂ ನಿಜವಾದ ಕೆಲಸ ಸಿಗುವ ಕಾಲ ಆರು ವರ್ಷಕ್ಕೊಮ್ಮೆ ಬರುತ್ತದೆ. ಗುರುವಿನ ಚಂದ್ರರು ಸುತ್ತುವ ತಳದ ನೇರಕ್ಕೆ ಸೂರ್ಯನೂ ಭೂಮಿಯೂ ಬಂದಾಗ ಒಂದು ಚಂದ್ರ ಇನ್ನೊಂದನ್ನು ಮರೆಮಾಡುತ್ತದೆ, ಇಲ್ಲವೇ ಅದರ ಮೇಲೆ ನೆರಳು ಹಾಕುತ್ತದೆ. ಕೆಲವೇ ನಿಮಿಷಗಳ ಆಟ. ಇಲ್ಲಿ ಬಿಂಬವನ್ನು ಬಿಡಿಸಿ ನೋಡಬೇಕಾಗಿಲ್ಲ, ಬೆಳಕು ಎಷ್ಟು ಇಳಿಯಿತು, ಎಷ್ಟು ಹೊತ್ತಿಗೆ ಇಳಿಯಿತು ಎಂದು ಅಳೆದರೆ ಸಾಕು. ಮುಂದಿನ ಚಂದ್ರನ ಅಂಚು ಹಿಂದಿನದರ ಮೈಮೇಲೆ ಗೆರೆಗೆರೆಯಾಗಿ ಸರಿಯುತ್ತ ಹೋದಂತೆ ಯಾವ ಪಟ್ಟಿ ಬೆಳಗು, ಯಾವುದು ಮಂಕು ಎಂದು ಬೆಳಕಿನ ಇಳಿತವೇ ಹೇಳುತ್ತದೆ. ಪ್ಲೂಟೊ ಮತ್ತು ಅದರ ಚಂದ್ರ ಶರಾನ್ 1985ರಿಂದ 1990ರವರೆಗೆ ಹೀಗೆ ಒಂದನ್ನೊಂದು ಮರೆಮಾಡಿದಾಗ ಪ್ಲೂಟೊವಿನ ಮೊದಲ ನಕ್ಷೆಗಳು ಮೂಡಿದ್ದು ಈ ಉಪಾಯದಿಂದಲೇ. ಗುರುವಿನ ಚಂದ್ರರ 1991ರ ಸಾಲನ್ನು ಖಭೌತ ಸಂಸ್ಥೆಯ ಆರ್. ವಸುಂಧರಾ ಅವರು ಕಾವಲೂರಿನಿಂದ ನೋಡಿ ವಿಶ್ಲೇಷಿಸಿದ್ದಾರೆ. ಪ್ಯಾರಿಸ್ಸಿನ ಖಗೋಳ ಸಂಸ್ಥೆಯೊಂದು ಪ್ರತಿ ಸಾಲಿನಲ್ಲೂ ಲೋಕದ ಎಲ್ಲೆಡೆಯ ವೀಕ್ಷಕರಿಂದ, ಹವ್ಯಾಸಿಗಳಿಂದಲೂ, ಅಳತೆಗಳನ್ನು ಕೇಳಿ ಪಡೆಯುತ್ತದೆ. ಚಂದ್ರರು ತಮ್ಮ ದಾರಿಯಲ್ಲಿ ಎಷ್ಟು ಸರಿದಿದ್ದಾರೆ ಎಂಬ ಲೆಕ್ಕಕ್ಕೆ ಅವು ಬೇಕು.

ಹಿಂದಿನ ಸಾಲು 2021ರಲ್ಲಿ ಬಂದಿತ್ತು. ಮುಂದಿನದು 2026–27ರಲ್ಲಿ. ಗುರು 2027ರ ಫೆಬ್ರವರಿಯಲ್ಲಿ ಸೂರ್ಯನಿಗೆ ನೇರ ಎದುರಾಗಿ ಸಂಜೆ ಮೂಡಿ ಬೆಳಗಿನವರೆಗೂ ಇರುತ್ತಾನೆ, ನಡುರಾತ್ರಿಗೆ ನಮ್ಮ ನೆತ್ತಿಯ ಹತ್ತಿರ. ಬೇಕಾದದ್ದು ಅಲುಗದ ಕಾಲುಗಳ ಮೇಲೆ ನಿಂತ ದೂರದರ್ಶಕ, ಒಂದು ಕ್ಯಾಮೆರಾ, ಸೆಕೆಂಡಿಗೆ ಸರಿಯಾದ ಸಮಯ. ಪಕ್ಕದಲ್ಲಿ ಮರೆಯಾಗದ ಇನ್ನೊಂದು ಚಂದ್ರನೂ ಚಿತ್ರದೊಳಗೆ ಇರಬೇಕು, ಬೆಳಕನ್ನು ಹೋಲಿಸಲು. ನಿಗದಿತ ಹೊತ್ತಿಗೆ ಹತ್ತು ನಿಮಿಷ ಮೊದಲೇ ಚಿತ್ರೀಕರಣ ಶುರು ಮಾಡಿ ಹತ್ತು ನಿಮಿಷ ನಂತರ ನಿಲ್ಲಿಸಬೇಕು. ಕ್ಯಾಮೆರಾ ತಾನಾಗಿ ಬೆಳಕು ಹೆಚ್ಚು ಕಡಿಮೆ ಮಾಡಿಕೊಳ್ಳದಂತೆ ಮೊದಲೇ ಕಟ್ಟುಹಾಕಬೇಕು. ಫೆಬ್ರವರಿ ಎಂದರೆ ನಮ್ಮಲ್ಲಿ ಮೋಡವಿಲ್ಲದ ಕಾಲ, ಆದರೆ ಕಬ್ಬಿನ ಸೋಗೆ ಸುಡುವ ಕಾಲವೂ ಹೌದು. ಆ ಹೊಗೆ ರಾತ್ರಿ ಕೆಳಗೇ ಕೂರುತ್ತದೆ. ಹಾಗಾಗಿ ಗದ್ದೆ ಬಯಲಿಗಿಂತ ತುಸು ಎತ್ತರದ, ಗಾಳಿಗೆ ಎದುರಾದ ಒಂದು ಅಂಗಳವನ್ನು ಈಗಲೇ ನೋಡಿಟ್ಟುಕೊಳ್ಳಬೇಕಾಗಿದೆ.